ಆಣೆ ಹಾಕಿಸುವ ಮೊದಲು: ಕುಡಿತಕ್ಕೆ ಸಿಕ್ಕಿದವರಿಗೆ ಸಭೆ ನೆರವಾಗುವ ಬಗೆ

ಭಾನುವಾರದ ಆರಾಧನೆ ಮುಗಿದ ಮೇಲೆ ಹೆಂಡತಿ ಗಂಡನನ್ನು ವೇದಿಕೆಯ ಬಳಿಗೆ ಕರೆತರುತ್ತಾಳೆ. ಸಭಾಪಾಲಕರು ಸತ್ಯವೇದದ ಮೇಲೆ ಅವನ ಕೈ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿಸುತ್ತಾರೆ. ಎಲ್ಲರೂ ಆಮೆನ್ ಎನ್ನುತ್ತಾರೆ. ಮನೆಯಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಗೊತ್ತಾಗುತ್ತದೆ. ಮುಂಬೈ, ಪುಣೆ, ಗೋವೆಗಳ ಕನ್ನಡ ಸಭೆಗಳಿಗೆ ಇದು ಹೊಸದೇನಲ್ಲ. ಇದರ ಹಿಂದೆ ಪ್ರೀತಿಯೂ ಇದೆ, ಕಣ್ಣೀರೂ ಇದೆ. ಆದರೆ ದಿನಕ್ಕೆ ಎರಡು ಕ್ವಾರ್ಟರ್ ಬೇಕಾಗಿದ್ದ ದೇಹಕ್ಕೆ ಭಾನುವಾರದ ಆ ಆಣೆ ಸೋಮವಾರವೋ ಮಂಗಳವಾರವೋ ಫಿಟ್ಸ್ ತರಬಹುದು, ಬುಧವಾರ ಪ್ರಾಣವನ್ನೇ ತೆಗೆಯಬಹುದು. ಉಪವಾಸಕ್ಕೆ ಆರಿಸಿದ ಆ ಮೂರು ದಿನಗಳೇ ಮದ್ಯ ನಿಂತ ದೇಹಕ್ಕೆ ಅತ್ಯಂತ ಅಪಾಯದ ದಿನಗಳು.

ಆದ್ದರಿಂದ ಕುಡಿತದ ಬಗ್ಗೆ ಕ್ರೈಸ್ತ ನೀತಿಯ ಮಾತು ದೇಹದಿಂದಲೇ ಶುರುವಾಗಬೇಕು ಎಂಬುದು ನಮ್ಮ ನಿಲುವು. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ ಮೇಲೆ ಛತ್ರಕ್ಕೆ ಕರೆದೊಯ್ದ (ಲೂಕ 10:34). ಉಪದೇಶ ಮಾಡಿದ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಈ ಕೈಪಿಡಿ ಸಭಾಪಾಲಕರಿಗೆ, ಹಿರಿಯರಿಗೆ, ಮಹಿಳಾ ಸಂಘದವರಿಗೆ, ಕುಡಿಯುವವರ ಮನೆಯವರಿಗೆ.

ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ

ಕ್ರೈಸ್ತರು ಕುಡಿಯಬಹುದೇ ಎಂಬುದು ಒಂದು ಪ್ರಶ್ನೆ. ಈ ಮನುಷ್ಯನಿಗೆ ನಿಲ್ಲಿಸಲು ಆಗುತ್ತಿಲ್ಲ, ಏನು ಮಾಡೋಣ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಕಾದವನ ಮುಂದೆ ಮೊದಲನೆಯದನ್ನು ಚರ್ಚಿಸುತ್ತ ಕೂತರೆ ಅವನಿಗೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ.

ಮೊದಲನೆಯದಕ್ಕೆ ಸಭೆಗಳ ಉತ್ತರ ಒಂದೇ ಆಗಿಲ್ಲ. ಕಥೋಲಿಕ ಬೋಧನೆಗೆ ದ್ರಾಕ್ಷಾರಸ ದೇವರ ಕೊಡುಗೆ, ಮಿತ ಒಂದು ಸದ್ಗುಣ, ಅತಿ ದೋಷ. ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ಊಟ, ಮದ್ಯ, ತಂಬಾಕು, ಔಷಧ ಎಲ್ಲದರ ಅತಿಯನ್ನೂ ಒಟ್ಟಿಗೇ ಎತ್ತಿ, ಕುಡಿದು ರಸ್ತೆಯಲ್ಲಿ ತನ್ನ ಮತ್ತು ಪರರ ಜೀವಕ್ಕೆ ಅಪಾಯ ತರುವವನ ದೋಷ ಘೋರವಾದದ್ದು ಎನ್ನುತ್ತದೆ. ಮೆಥೋಡಿಸ್ಟರಲ್ಲಿ ಮದ್ಯವರ್ಜನೆಯ ಪರಂಪರೆ ಗಟ್ಟಿಯಾದದ್ದು. ಹುಳಿಯದ ದ್ರಾಕ್ಷಿ ರಸವನ್ನು ಕರ್ತನ ಭೋಜನಕ್ಕಾಗಿ 1869ರಲ್ಲಿ ತಯಾರಿಸಿದ ಥಾಮಸ್ ವೆಲ್ಚ್ ಎಂಬ ಅಮೆರಿಕದ ದಂತವೈದ್ಯರು ಮೆಥೋಡಿಸ್ಟರೇ. 1882ರಲ್ಲಿ ಮುಂಬೈಗೆ ಬಂದಿಳಿದ ಸಾಲ್ವೇಶನ್ ಆರ್ಮಿಯಲ್ಲಿ ಸೈನಿಕನಾಗುವವನು ಮದ್ಯ ಮುಟ್ಟುವುದಿಲ್ಲವೆಂದು ಒಡಂಬಡಿಕೆಗೆ ಸಹಿ ಹಾಕಲೇಬೇಕು. ಪೆಂತೆಕೋಸ್ತ ಸಭೆಗಳಲ್ಲಿ ಪೂರ್ಣ ವರ್ಜನೆಯೇ ರೂಢಿ. ಮುಂಬೈಯಲ್ಲಿ ಗಂಡನ ಕಡೆಯವರು ಮಂಗಳೂರಿನ ಕಥೋಲಿಕರು, ಹೆಂಡತಿ ಹೋಗುವುದು ಪ್ರಾರ್ಥನಾ ಕೂಟಕ್ಕೆ ಎಂಬಂಥ ಮನೆಗಳಿವೆ. ಅಂಥ ಮನೆಯಲ್ಲಿ ಚರ್ಚೆಯೇ ಜಗಳವಾಗಿ, ಜಗಳ ಬಾರಿನ ದಾರಿ ತೋರಿಸುತ್ತದೆ.

ಎಲ್ಲರೂ ಒಪ್ಪುವುದು ಇಷ್ಟು: ಮತ್ತರಾಗುವುದು ತಪ್ಪು (ಎಫೆಸ 5:18), ಯಾವುದಕ್ಕೂ ಅಡಿಯಾಳಾಗಬಾರದು (1 ಕೊರಿಂಥ 6:12), ನನ್ನ ಲೋಟ ಸಹೋದರನನ್ನು ಎಡವಿಸುವುದಾದರೆ ಅದನ್ನು ನಾನು ಕೆಳಗಿಡಬೇಕು (ರೋಮಾ 14:21). ಕೆಲಸ ಶುರು ಮಾಡಲು ಇಷ್ಟು ಸಾಕು.

ವಚನಗಳನ್ನು ಹಿಡಿದು ವಾದಕ್ಕೆ ಬರುವವರೂ ಇರುತ್ತಾರೆ. "ಕಾನಾ ಊರಿನಲ್ಲಿ ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸ ಮಾಡಿಕೊಟ್ಟರಲ್ಲ?" ಹೌದು, ಇಡೀ ಊರಿನ ಮದುವೆಗೆ, ಎಲ್ಲರೂ ಸೇರಿ ಸಂತೋಷಪಡಲು. ಬೆಳಗ್ಗೆ ಏಳಕ್ಕೆ ಸ್ಟೇಷನ್ ಪಕ್ಕದಲ್ಲಿ ಒಬ್ಬನೇ ನಿಂತು ಕೈನಡುಕ ನಿಲ್ಲಲೆಂದು ಕುಡಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ. "ಹೊಟ್ಟೆಗಾಗಿ ಸ್ವಲ್ಪ ಕುಡಿ ಎಂದು ಪೌಲ ತಿಮೊಥೆಗೆ ಬರೆದಿಲ್ಲವೇ?" ಬರೆದಿದ್ದಾನೆ (1 ತಿಮೊಥೆ 5:23). ತಿಮೊಥೆ ಆವರೆಗೆ ನೀರನ್ನಷ್ಟೇ ಕುಡಿಯುತ್ತಿದ್ದವನು, ಅಲ್ಲಿರುವ ಮಾತು "ಸ್ವಲ್ಪ" ಎಂದು. ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ಕುಡಿತಕ್ಕೆ ಬಿದ್ದವನನ್ನು ಸಭೆಯ ಮೇಲ್ವಿಚಾರಣೆಗೆ ಇಡಬೇಡ ಎಂದೂ ಇದೆ. ಇನ್ನೊಂದು ಕಡೆಯಿಂದ ತಪ್ಪಾಗಿ ಎಸೆಯುವ ವಚನ 1 ಕೊರಿಂಥ 6:10, ಕುಡುಕರು ದೇವರ ರಾಜ್ಯಕ್ಕೆ ಬಾಧ್ಯರಲ್ಲ ಎಂಬುದು. ಅದನ್ನು ಓದುವವರು ಹನ್ನೊಂದನೆಯ ವಚನವನ್ನೂ ಓದಲೇಬೇಕು: ನಿಮ್ಮಲ್ಲಿ ಕೆಲವರು ಅಂಥವರಾಗಿದ್ದಿರಿ, ಆದರೆ ತೊಳೆಯಲ್ಪಟ್ಟಿರಿ. ಕೊರಿಂಥದ ಸಭೆಯಲ್ಲಿ ಅಂಥವರು ಒಳಗೇ ಇದ್ದರು.

ಎಷ್ಟು ಎಂದು ಅಳೆಯಿರಿ

"ಸ್ವಲ್ಪ", "ಕಂಪನಿಗೆ", "ಬರೀ ಬಿಯರ್" ಎಂಬ ಮಾತುಗಳಿಂದ ಏನೂ ಗೊತ್ತಾಗುವುದಿಲ್ಲ. ಲೆಕ್ಕ ಸುಲಭ. ಮಿಲಿಲೀಟರನ್ನು ಬಾಟಲಿಯ ಮೇಲಿನ ಶೇಕಡಾ ಅಂಕಿಯಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಶುದ್ಧ ಮದ್ಯಸಾರ ಎಷ್ಟು ಗ್ರಾಂ ಎಂದು ಸಿಗುತ್ತದೆ. ಹತ್ತು ಗ್ರಾಂಗೆ ಒಂದು ಯೂನಿಟ್.

ಶೇ. 42.8ರ ವಿಸ್ಕಿ ಅಥವಾ ರಮ್ಮಿನ 30 ಮಿಲೀ ಪೆಗ್ ಒಂದು ಯೂನಿಟ್. 90 ಮಿಲೀ ಮೂರು, 180 ಮಿಲೀ ಕ್ವಾರ್ಟರ್ ಆರು. ಶೇ. 5ರ 650 ಮಿಲೀ ಬಿಯರ್ ಎರಡೂವರೆ ಯೂನಿಟ್, ಶೇ. 8ರ ಸ್ಟ್ರಾಂಗ್ ಬಿಯರ್ ನಾಲ್ಕಕ್ಕೂ ತುಸು ಹೆಚ್ಚು. "ಬರೀ ಬಿಯರ್, ಎರಡೇ" ಎಂದವನು ಸ್ಟ್ರಾಂಗ್ ಕುಡಿದಿದ್ದರೆ ಒಂದು ಕ್ವಾರ್ಟರಿಗಿಂತ ಹೆಚ್ಚೇ ಕುಡಿದಿದ್ದಾನೆ. ಗೋವೆಯಲ್ಲಿ ಗೋಡಂಬಿ ಹಣ್ಣಿನ ಫೆನ್ನಿ ವಿಸ್ಕಿಯಷ್ಟೇ ಕಟು. ಬೇಸಿಗೆಯಲ್ಲಿ ಸಿಗುವ ಉರಾಕ್ ಮೊದಲ ಬಟ್ಟಿಯದು, ಸುಮಾರು ಶೇ. 15, ಲಿಂಬೆ ಸೋಡಾದ ಜೊತೆ ಶರಬತ್ತಿನಂತೆ ಇಳಿಯುತ್ತದೆ. ಅದರ 200 ಮಿಲೀ ಲೋಟದಲ್ಲಿ ಎರಡಕ್ಕೂ ಹೆಚ್ಚು ಯೂನಿಟ್ ಇರುತ್ತದೆ. ಕ್ರಿಸ್ಮಸ್ಸಿಗೆ ಮನೆಯಲ್ಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್ ಹಾಕಿ ಇಡುವ ವೈನ್ ಕೂಡ ಮದ್ಯವೇ. "ಅದು ಮನೆದು" ಎಂದ ಮಾತ್ರಕ್ಕೆ ಸಾರ ಕಡಿಮೆಯಾಗದು.

ಕೇಳುವ ಬಗೆ ಮುಖ್ಯ. ಕುಡಿದಿರುವಾಗ ಕೇಳಬೇಡಿ, ನೆಂಟರ ಮುಂದೆ ಕೇಳಬೇಡಿ. ಬೆಳಗ್ಗೆ, ಒಬ್ಬರೇ ಇರುವಾಗ ಕೇಳಿ. ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಬೇಡಿ. ಕುಡಿಯುವವರನ್ನು ಎಲ್ಲರೂ "ನೀನು" ಎನ್ನಲು ಶುರು ಮಾಡಿರುತ್ತಾರೆ, ಅದು ಅವರಿಗೆ ಕುಟುಕುತ್ತಲೇ ಇರುತ್ತದೆ. "ಅಣ್ಣಾ, ನಿಮ್ಮನ್ನು ಬಯ್ಯಲು ಬಂದಿಲ್ಲ. ನಿನ್ನೆ ಎಷ್ಟಾಯಿತು? ಮೊದಲ ಗುಟುಕು ಎಷ್ಟು ಗಂಟೆಗೆ? ಬೆಳಗ್ಗೆ ಎದ್ದಾಗ ಕೈ ನಡುಗುತ್ತದಾ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?" ಕೊನೆಯ ಎರಡು ಪ್ರಶ್ನೆಗಳನ್ನು ಮರೆಯಲೇಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನೂ ಬಳಸಬಹುದು. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ವೈದ್ಯರೇ ನೋಡಬೇಕು. ನಡುವಿನವರಿಗೆ ಮಾತುಕತೆಯೇ ಬಹಳ ಸಹಾಯ ಮಾಡುತ್ತದೆ. ಗೋವೆಯ ಸಂಗಾತ್ ಸಂಸ್ಥೆ ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ ಅತಿಯಾಗಿ ಕುಡಿಯುವ ಗಂಡಸರ ಜೊತೆ ಅರ್ಧ ಮುಕ್ಕಾಲು ಗಂಟೆಯಂತೆ ಹೆಚ್ಚೆಂದರೆ ನಾಲ್ಕು ಸಲ ಮಾತಾಡಿಸಿತು. ಬರೀ ಮಾಮೂಲಿ ಉಪಚಾರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಮಂದಿ ಕುಡಿತದಿಂದ ಹಿಂದೆ ಸರಿದರೆಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಸಭೆಯ ಹಿರಿಯರೊಬ್ಬರು ಕಲಿತರೆ ಇಂಥ ಕೆಲಸ ಮಾಡಲಾಗದೆಂದು ನಾವು ಒಪ್ಪುವುದಿಲ್ಲ. ಆದರೆ ಅದು ಚಟ ಪೂರ್ತಿ ಕಚ್ಚದವರಿಗೆ.

ಪಾಪವೋ, ರೋಗವೋ

ಜ್ಞಾನೋಕ್ತಿಗಳು 23ರ 29ರಿಂದ 35ರವರೆಗೆ ನಿಧಾನವಾಗಿ ಓದಿ. ಕಾರಣವಿಲ್ಲದ ಗಾಯ, ಕೆಂಪೇರಿದ ಕಣ್ಣು, ಕಾಣದ್ದನ್ನು ಕಾಣುವುದು, ಕಡಲ ನಡುವೆ ಮಲಗಿದಂಥ ತೂರಾಟ. ಕೊನೆಗೆ ಅವನ ಬಾಯಲ್ಲೇ ಬರುವ ಮಾತು: ಹೊಡೆದರು, ನೋವಾಗಲಿಲ್ಲ, ಬಡಿದರು, ಗೊತ್ತೇ ಆಗಲಿಲ್ಲ, ಎಚ್ಚರವಾದ ಕೂಡಲೇ ಮತ್ತೆ ಅದನ್ನೇ ಹುಡುಕುವೆನು. ಇಂದಿನ ವೈದ್ಯರು ವ್ಯಸನವನ್ನು ಗುರುತಿಸುವ ಆರು ಲಕ್ಷಣಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ತಡೆಯಲಾರದ ಬಯಕೆ, ಶುರು ಮಾಡಿದರೆ ನಿಲ್ಲಿಸಲಾಗದಿರುವುದು, ಬಿಟ್ಟರೆ ದೇಹ ಒದ್ದಾಡುವುದು, ಮೊದಲಿನ ಅಳತೆ ಸಾಲದಾಗುವುದು, ಬೇರೆಲ್ಲ ಆಸಕ್ತಿ ಬತ್ತುವುದು, ಹಾನಿ ಕಣ್ಣಿಗೆ ಕಂಡರೂ ಬಿಡದಿರುವುದು. ಒಂದು ವರ್ಷದಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ವ್ಯಸನ. ಸತ್ಯವೇದ ಆ ಸ್ಥಿತಿಯನ್ನು ಬಹಳ ಹಿಂದೆಯೇ ಕಣ್ಣಿಟ್ಟು ನೋಡಿದೆ.

ಹಾಗಾದರೆ ಪಾಪ ಎಲ್ಲಿ? ಮಿದುಳು ಮದ್ಯಕ್ಕೆ ಹೊಂದಿಕೊಂಡು ಬಿಟ್ಟಿರುವುದು ರೋಗ. ಆ ರೋಗಕ್ಕೆ ಪಶ್ಚಾತ್ತಾಪ ಬೇಡುವುದು ಸಕ್ಕರೆ ಕಾಯಿಲೆಗೆ ಪಶ್ಚಾತ್ತಾಪ ಬೇಡಿದಂತೆ. ಆದರೆ ಮನೆಯ ಬಾಡಿಗೆ ದುಡ್ಡು ಕದ್ದದ್ದು, ಮಕ್ಕಳ ಮುಂದೆ ತಾಯಿಗೆ ಹೊಡೆದದ್ದು, ಚಿಕಿತ್ಸೆಗೆ ದಾರಿ ಇದೆಯೆಂದು ಗೊತ್ತಾದ ಮೇಲೂ ಒಲ್ಲೆ ಎಂದದ್ದು ಅವನು ಉತ್ತರ ಕೊಡಬೇಕಾದ ಕೃತ್ಯಗಳೇ. ಕ್ಷಮೆ ಕೇಳುವುದು, ಕೊಟ್ಟು ತೀರಿಸುವುದು ಅವಕ್ಕೆ ಸಂಬಂಧಿಸಿದ್ದು. ಎರಡನ್ನೂ ಒಂದೇ ಗಂಟು ಕಟ್ಟಿ "ನೀನು ಪಾಪಿ" ಎಂದರೆ ಅವನು ಕುಗ್ಗುತ್ತಾನೆ. "ಪಾಪ, ರೋಗಿ" ಎಂದು ಬಿಟ್ಟುಬಿಟ್ಟರೆ ಹೆಂಡತಿ ಮಕ್ಕಳಿಗೆ ಅನ್ಯಾಯವಾಗುತ್ತದೆ.

ನಿಲ್ಲಿಸುವ ವಾರ

ಪ್ರತಿದಿನ ಕುಡಿಯುವವರು, ಬೆಳಗ್ಗೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಒಮ್ಮೆಗೇ ನಿಲ್ಲಿಸಬಾರದು. ಮೊದಲು ವೈದ್ಯರನ್ನು ಕಾಣಬೇಕು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗವೂ ಆಗುತ್ತದೆ. ಅಲ್ಲಿಯವರೆಗೆ ಆಣೆ ಬೇಡ.

ಕೊನೆಯ ಗುಟುಕಿನ ನಂತರ ಆರು ಗಂಟೆಯಿಂದ ಒಂದು ದಿನದೊಳಗೆ ನಡುಕ, ಬೆವರು, ವಾಂತಿ, ಗಾಬರಿ, ನಿದ್ದೆ ಬಾರದಿರುವುದು ಶುರುವಾಗುತ್ತವೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳ ನಡುವೆ. ಎರಡರಿಂದ ನಾಲ್ಕನೆಯ ದಿನದಲ್ಲಿ ಸನ್ನಿ ಹಿಡಿಯಬಹುದು: ದಿಕ್ಕು ತಪ್ಪುವುದು, ಗೋಡೆ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದವರ ಜೊತೆ ಮಾತು, ಜ್ವರ, ನಾಗಾಲೋಟದ ನಾಡಿ. ಸಭೆಗಳಲ್ಲಿ ನಡೆಯುವ ಅತಿ ದೊಡ್ಡ ತಪ್ಪು ಇಲ್ಲೇ. ಅದನ್ನು ದೆವ್ವದ ಕಾಟವೆಂದು ಬಗೆದು, ಕೈಕಾಲು ಹಿಡಿದು, ಬಿಡಿಸುವ ಪ್ರಾರ್ಥನೆಗೆ ಕೂರುತ್ತಾರೆ. ಅದು ಮಿದುಳು ಮದ್ಯ ಸಿಗದೆ ಕೆರಳಿದ ಸ್ಥಿತಿ. ಗಂಟೆಗಳಲ್ಲಿ ಪ್ರಾಣ ಹೋಗಬಹುದು. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಪ್ರಾರ್ಥನೆ ಆಂಬುಲೆನ್ಸಿನಲ್ಲಿ ನಡೆಯಲಿ.

ಆಸ್ಪತ್ರೆಯಲ್ಲಿ ಐದರಿಂದ ಹತ್ತು ದಿನ ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಔಷಧ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಇವೂ ಅಭ್ಯಾಸವಾಗುವಂಥವು, ಆದ್ದರಿಂದ ಮೆಡಿಕಲ್ ಅಂಗಡಿಯಿಂದ ತಂದು ಮನೆಯಲ್ಲೇ ಕೊಡುವುದು ಸಲ್ಲದು. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಓಣಿಯ ಕ್ಲಿನಿಕ್ಕಿಗೆ ಕರೆದೊಯ್ದು "ಸುಸ್ತಾಗಿದೆ, ಒಂದು ಗ್ಲೂಕೋಸ್ ಬಾಟಲಿ ಹಾಕಿ" ಎನ್ನುವುದು ನಮ್ಮಲ್ಲಿ ಸಾಮಾನ್ಯ. ಬಿ1 ಬತ್ತಿಹೋದ ದೇಹಕ್ಕೆ ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು, ನೆನಪೇ ಹೋಗಬಹುದು. "ಇವರು ದಿನಾ ಕುಡಿಯುತ್ತಾರೆ, ನಿನ್ನೆಯಿಂದ ಬಿಟ್ಟಿದ್ದಾರೆ" ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಔಷಧವೇ ತಪ್ಪುತ್ತದೆ.

ಈ ವಾರ ರೋಗಿ ಉಪವಾಸ ಇರಕೂಡದು. ಗಂಜಿ, ಮಜ್ಜಿಗೆ, ಎಳನೀರು, ಬೇಳೆಕಟ್ಟು, ಕೇಳಿದಾಗಲೆಲ್ಲ ನೀರು ಕೊಡಿ. ಉಪವಾಸ ಮಾಡಲೇಬೇಕೆಂದರೆ ಸಭೆಯವರು ಮಾಡಲಿ, ಸರದಿ ಹಾಕಿಕೊಂಡು ರಾತ್ರಿ ರೋಗಿಯ ಬಳಿ ಕೂರಲಿ. ಒಂದು ವೇಳೆ ಸಾರಾಯಿ ಕುಡಿದ ಮೇಲೆ ಕಣ್ಣು ಮಂಜಾದರೆ, ಮುಂದೆ ಬೆಳ್ಳಗೆ ಮಂಜು ಕಟ್ಟಿದಂತೆ ಕಂಡರೆ ಅದು ಮೆಥನಾಲ್ ವಿಷದ ಗುರುತು. ಮುಂಬೈಯ ಮಾಲವಣಿಯಲ್ಲಿ 2015ರ ಜೂನಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಅದರಿಂದಲೇ. ಆಗ ಒಂದು ನಿಮಿಷವೂ ಕಾಯಬೇಡಿ.

ಗುಟ್ಟಾಗಿ ಮಾತ್ರೆ ಬೆರೆಸುವುದು

ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸಾವೂ ಆಗಬಹುದು. ಇದನ್ನು ಪುಡಿ ಮಾಡಿ ಸಾರಿನಲ್ಲೋ ಚಪಾತಿ ಹಿಟ್ಟಿನಲ್ಲೋ ಬೆರೆಸಿಕೊಡಿ ಎಂದು ಸಲಹೆ ಕೊಡುವವರಿದ್ದಾರೆ, "ಗೊತ್ತಿಲ್ಲದಂತೆ ಕುಡಿತ ಬಿಡಿಸುವ ಔಷಧ" ಎಂದು ಗೋಡೆ ಮೇಲೆ ಚೀಟಿ ಅಂಟಿಸುವವರೂ ಇದ್ದಾರೆ. ಮಾಡಬೇಡಿ. ದೇಹಕ್ಕೆ ಅಪಾಯ ಎಂಬುದು ಒಂದು ಮಾತು. ಮನೆಯ ಊಟದಲ್ಲಿ ಮೋಸ ಕಂಡವನು ಮುಂದೆ ಹೆಂಡತಿ ಬಡಿಸಿದ್ದನ್ನು ನಂಬುವುದಿಲ್ಲ ಎಂಬುದು ಇನ್ನೊಂದು, ಮತ್ತು ನಂಬಿಕೆಯಿಲ್ಲದೆ ಚೇತರಿಕೆ ಇಲ್ಲ. ಅವನೇ ಒಪ್ಪಿ, ವೈದ್ಯರು ಪರೀಕ್ಷೆ ಮಾಡಿ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ ಮಾತ್ರ ಈ ಮಾತ್ರೆ ಶುರುವಾಗಬೇಕು. ಅದರ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಉಳಿಯಬಹುದು.

ಒಪ್ಪಿ ತೆಗೆದುಕೊಳ್ಳುವವರಿಗೂ ನಮ್ಮ ಹಬ್ಬದ ಊಟ ತೊಡಕು ತರುತ್ತದೆ. ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕ್ರಿಸ್ಮಸ್ ಕೇಕ್, ಕಳ್ಳು ಹಾಕಿ ಉಬ್ಬಿಸಿದ ಸಣ್ಣ ಎಂಬ ಇಡ್ಲಿ, ಗೋವೆಯ ಕಳ್ಳಿನ ವಿನೆಗರ್ ಸುರಿದ ವಿಂದಾಲೂ, ಸೊರ್ಪೊತೆಲ್ ಎಂಬ ಮಾಂಸದ ಅಡುಗೆಗಳು, ಕೆಲವು ಕೆಮ್ಮಿನ ಸಿರಪ್ಪುಗಳು, ಬಾಯಿ ಮುಕ್ಕಳಿಸುವ ದ್ರವ, ಎಲ್ಲವನ್ನೂ ವೈದ್ಯರಿಗೆ ಹೆಸರು ಹೇಳಿಯೇ ಕೇಳಬೇಕು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಗಳಿವೆ. ಅವು ಬಯಕೆ ತಗ್ಗಿಸುತ್ತವೆ, ಹೀಗೆ ಹೆದರಿಸುವುದಿಲ್ಲ. ಔಷಧ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ಹೇಳುವ ಬೋಧಕರು ಕನ್ನಡಕ ಹಾಕಿಕೊಂಡೇ ಸತ್ಯವೇದ ಓದುತ್ತಾರೆಂಬುದನ್ನು ನೆನಪಿಸಿ.

ಕರ್ತನ ಭೋಜನದ ಮೇಜು

ಬಿಟ್ಟವನಿಗೆ ಒಂದು ಗುಟುಕಿನ ವಾಸನೆಯೇ ಸಾಕು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹುಳಿಯದ ದ್ರಾಕ್ಷಿ ರಸವನ್ನೇ ಎಲ್ಲರಿಗೂ ಇಡುವುದು ಸರಳ ದಾರಿ. ಅವನೊಬ್ಬನಿಗೆ ಬೇರೆ ಬಟ್ಟಲು ಇಟ್ಟರೆ ಸಭೆಯೆಲ್ಲ ಅವನನ್ನೇ ನೋಡುತ್ತದೆ. ದ್ರಾಕ್ಷಿ ರಸವನ್ನು ಮನೆಯಲ್ಲಿ ತಯಾರಿಸುವವರು ಕುದಿಸಿ, ತಣಿಸಿ, ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬಳಸಿ. ಮುಂಬೈಯ ಸೆಕೆಯಲ್ಲಿ ಹೊರಗಿಟ್ಟ ರಸ ಬೇಗ ಹುಳಿಯುತ್ತದೆ.

ಕಥೋಲಿಕ ಬಲಿಪೂಜೆಗೆ ದ್ರಾಕ್ಷಿಯಿಂದಾದ ನಿಜವಾದ ದ್ರಾಕ್ಷಾರಸವೇ ಬೇಕೆಂದು ಸಭೆಯ ಕಾನೂನು (ನಿಯಮ 924). ಆದರೆ ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಕ್ರಿಸ್ತ ಪೂರ್ಣವಾಗಿಯೇ ದೊರೆಯುತ್ತಾನೆ ಎಂಬುದು ಆ ಸಭೆಯ ಬೋಧನೆ. ಆದ್ದರಿಂದ ಭಕ್ತರಿಗೆ ತೊಂದರೆಯೇ ಇಲ್ಲ. ರಸದಲ್ಲಿ ಅದ್ದಿ ಕೊಡುವ ದಿನ ಫಾದರ್ ಅವರಿಗೆ ಮೊದಲೇ ಹೇಳಿ, ಅದ್ದದ ರೊಟ್ಟಿ ಕೇಳಬಹುದು. ಸ್ವತಃ ಗುರುವೇ ವ್ಯಸನದಿಂದ ಹೊರಬರುತ್ತಿದ್ದರೆ, ಬಿಷಪರ ಅನುಮತಿಯಿಂದ ಮುಸ್ತುಮ್ ಎಂಬ, ಹುಳಿಯುವುದನ್ನು ಆರಂಭದಲ್ಲೇ ತಡೆದ ದ್ರಾಕ್ಷಿ ರಸ ಬಳಸಲು ಅವಕಾಶವಿದೆ.

ಮೇಜಿನಿಂದಾಚೆಗೂ ನೋಡಬೇಕು. ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ, ಆರತಕ್ಷತೆಯ ಟೋಸ್ಟ್, ಗೋವೆಯಲ್ಲಿ ಶಿಲುಬೆಯ ಮುಂದೆ ಲಾದಾಯ್ನ್ ಎಂಬ ಹಾಡಿನ ಪ್ರಾರ್ಥನೆ ಮುಗಿದ ಮೇಲೆ ಬೇಯಿಸಿದ ಕಡಲೆಯ ಜೊತೆ ಕೊಡುವ ಲೋಟ, ಇವೆಲ್ಲ ಅವನಿಗೆ ಆರಾಧನೆಯಷ್ಟೇ ಹತ್ತಿರದ ಜಾಗಗಳು. ಆ ಕಡಲೆಯ ತಟ್ಟೆಯ ಪಕ್ಕ ಕೋಕಂ ಶರಬತ್ತು ಇಡಲು ಯಾವ ಸಂಪ್ರದಾಯವೂ ಅಡ್ಡ ಬರುವುದಿಲ್ಲ. ಟೋಸ್ಟಿಗೆ ಎಲ್ಲರ ಲೋಟಕ್ಕೂ ಒಂದೇ ಬಣ್ಣದ ರಸ ಸುರಿಯಿರಿ.

ಮನೆಯವರು ಏನು ಮಾಡಬೇಕು, ಏನನ್ನು ಬಿಡಬೇಕು

ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎನ್ನುತ್ತದೆ ಗಲಾತ್ಯ 6:2. ಎರಡು ವಚನ ಬಿಟ್ಟು, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎಂದೂ ಇದೆ. ಹೆಂಡತಿಗೆ ಇವೆರಡರ ನಡುವಿನ ಗೆರೆ ತೋರಿಸಿಕೊಡಬೇಕು. ಜ್ವರ ಬಂದಾಗ ಗಂಜಿ ಕೊಡುವುದು ಭಾರ ಹೊರುವುದು. "ಅವರಿಗೆ ಹೊಟ್ಟೆನೋವು, ಡ್ಯೂಟಿಗೆ ಬರೋದಿಲ್ಲ" ಎಂದು ಮಾಲೀಕರಿಗೆ ಸುಳ್ಳು ಫೋನ್ ಮಾಡುವುದು, ಬಾರಿನ ಉದ್ರಿ ತೀರಿಸುವುದು, ವಾಂತಿ ಒರೆಸಿ ಬೆಳಗ್ಗೆ ಏನೂ ಆಗದಂತಿರುವುದು ಅವನ ಹೊರೆಯನ್ನು ಕಿತ್ತುಕೊಳ್ಳುವುದು. ಅವನಿಗೆ ಅದರ ತೂಕ ಗೊತ್ತಾಗುವುದೇ ಇಲ್ಲ. ಒಮ್ಮೆಗೇ ಎಲ್ಲ ನಿಲ್ಲಿಸಲಾಗದು. ಒಂದರಿಂದ ಶುರು ಮಾಡಲಿ: "ನಿಮ್ಮ ಪರವಾಗಿ ಇನ್ನು ನಾನು ಸುಳ್ಳು ಹೇಳುವುದಿಲ್ಲರೀ. ಆಸ್ಪತ್ರೆಗೆ ಬರುವುದಾದರೆ ಯಾವ ಗಳಿಗೆಯಲ್ಲಾದರೂ ಜೊತೆಗೆ ಬರುತ್ತೇನೆ." ಬಾಡಿಗೆ, ಶಾಲೆಯ ಶುಲ್ಕ, ರೇಷನ್ನಿನ ದುಡ್ಡು ಸಂಬಳದ ದಿನವೇ ಬೇರೆ ಖಾತೆಗೆ ಹೋಗುವಂತೆ ಮಾಡಿ.

ಹೊಡೆತವಿದ್ದರೆ ಮಾತು ಬೇರೆ. ಏಳೆಪ್ಪತ್ತು ಸಲ ಕ್ಷಮಿಸು ಎಂಬುದು ಹೊಡೆಸಿಕೊಳ್ಳುತ್ತ ಅದೇ ಕೋಣೆಯಲ್ಲಿ ಇರು ಎಂದಲ್ಲ. "ಸಹಿಸಿಕೊಳ್ಳಮ್ಮಾ, ನಿನ್ನ ಪ್ರಾರ್ಥನೆ ಅವನನ್ನು ಬದಲಿಸುತ್ತದೆ" ಎಂದು ಕಳಿಸಿಕೊಡುವ ಹಿರಿಯರು ಮುಂದಿನ ಪೆಟ್ಟಿಗೆ ಪಾಲುದಾರರು. ಮೊದಲು ಅವಳೂ ಮಕ್ಕಳೂ ರಾತ್ರಿ ಮಲಗಲು ಒಂದು ಮನೆ ಗೊತ್ತು ಮಾಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದ, ಔಷಧ ಒಂದು ಚೀಲದಲ್ಲಿ ಅಲ್ಲಿರಲಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಎಲ್ಲಿಗೆ ಕಳಿಸುವುದು

ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಶುರು ಮಾಡಿದ ಕೃಪಾ ಫೌಂಡೇಶನ್, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಹೆಜ್ಜೆಗಳ ಕ್ರಮದ ಜೊತೆಗೆ ಯೋಗವನ್ನೂ ಬಳಸುತ್ತದೆ. ಪುಣೆಯ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ 1986ರಿಂದ ಇದೆ. ಅದು ಚರ್ಚಿನದಲ್ಲ, ಆದರೆ ಅದು ಕಾರಣವಾಗಿ ಹಿಂಜರಿಯಬೇಡಿ. ಕನ್ನಡದಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಭಾಷೆ ಆರಿಸಿಕೊಳ್ಳಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಭಾಷೆಯ ವಿಷಯ ಸಣ್ಣದಲ್ಲ. ಅಂಗಡಿಯಲ್ಲಿ ಹಿಂದಿ ಮರಾಠಿ ಆಡುವವನಿಗೂ ತನ್ನ ನಾಚಿಕೆಯನ್ನು ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ. ಅಗತ್ಯವಿದ್ದರೆ ಸಭೆಯವರೊಬ್ಬರು ಜೊತೆ ಹೋಗಿ ಮಾತು ದಾಟಿಸಲಿ.

ಯಾವುದೇ ಕೇಂದ್ರಕ್ಕೆ ಸೇರಿಸುವ ಮೊದಲು ಒಳಗೆ ಹೋಗಿ ನೋಡಿ. ನೋಂದಣಿ ಪತ್ರ ತೋರಿಸಲು ಕೇಳಿ. ಮೊದಲ ವಾರ ವೈದ್ಯರು ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ಯಾವಾಗ ಭೇಟಿ ಮಾಡಬಹುದು ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದಾದ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ, ಯಾರನ್ನೂ ಯಾವ ಬಗೆಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎನ್ನುತ್ತದೆ. ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವ ಜಾಗದಿಂದ, ಪ್ರಾರ್ಥನಾ ಮಂದಿರವೇ ಆಗಿರಲಿ, ಹಿಂದಿರುಗಿ ಬನ್ನಿ.

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಹೆಸರು ಕೇಳುವುದಿಲ್ಲ. ಮನೆಯವರಿಗೆ ಅಲ್-ಅನಾನ್ ಇದೆ. "ಅಲ್ಲಿ ಯೇಸುವಿನ ಹೆಸರು ಹೇಳುವುದಿಲ್ಲ, ಮೇಲಿನ ಶಕ್ತಿ ಎನ್ನುತ್ತಾರಂತೆ" ಎಂದು ಕೆಲವು ಸಭೆಗಳವರು ತಡೆಯುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಅದು ಹುಟ್ಟಿದ್ದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಮಡಿಲಲ್ಲಿ. ತಪ್ಪು ಒಪ್ಪಿಕೊಳ್ಳುವುದು, ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದು, ನೋಯಿಸಿದವರಿಗೆ ಸರಿಪಡಿಸಿಕೊಡುವುದು ಎಂಬ ಹೆಜ್ಜೆಗಳು ಯಾಕೋಬ 5:16 ಓದಿದವರಿಗೆ ಅಪರಿಚಿತವಲ್ಲ.

ಮರಳಿ ಬಂದ ಮೇಲೆ

ಕೇಂದ್ರದಿಂದ ಬಂದ ಮರು ಭಾನುವಾರವೇ ಅವನನ್ನು ಸಾಕ್ಷಿ ಹೇಳಲು ವೇದಿಕೆ ಹತ್ತಿಸಬೇಡಿ. ಚಪ್ಪಾಳೆ ಬಿದ್ದವನಿಗೆ ಮುಂದೆ ಎಡವಿದಾಗ ಹೇಳಿಕೊಳ್ಳಲು ಮುಖವಿರುವುದಿಲ್ಲ, ಸಭೆಗೇ ಬರುವುದನ್ನು ಬಿಡುತ್ತಾನೆ. ಒಂದು ವರ್ಷ ಸುಮ್ಮನಿರಲಿ. ಕುರ್ಚಿ ಜೋಡಿಸುವುದು, ಸ್ಮಶಾನದ ಕೆಲಸಕ್ಕೆ ಕೈ ಹಚ್ಚುವುದು, ಇಂಥ ಕಣ್ಣಿಗೆ ಬೀಳದ ಜವಾಬ್ದಾರಿ ಕೊಡಿ. ಕಾಣಿಕೆಯ ದುಡ್ಡಿನ ಎಣಿಕೆ ಈಗಲೇ ಬೇಡ.

ಕೆಲಸದ ವಿಷಯ ಮುಂಬೈಯಲ್ಲಿ ಕಷ್ಟದ್ದು. ಪರ್ಮಿಟ್ ರೂಮುಗಳಲ್ಲಿ, ಅಂದರೆ ಪರವಾನಗಿಯ ಬಾರುಗಳಲ್ಲಿ, ವೇಟರ್, ಕ್ಯಾಪ್ಟನ್, ಕೌಂಟರ್ ಕೆಲಸ ಮಾಡುವ ನಮ್ಮವರು ಬಹಳ. ಅಲ್ಲಿ ದುಡಿಯುವುದೇ ಪಾಪ ಎಂದು ತೀರ್ಪು ಕೊಡುವವರು ಹಬಕ್ಕೂಕ 2:15 ಎತ್ತುತ್ತಾರೆ. ನೆರೆಯವನ ಮಾನ ತೆಗೆಯಲೆಂದೇ ಕುಡಿಸುವವನಿಗೆ ಹೇಳಿದ ಮಾತದು, ಊರಿಗೆ ದುಡ್ಡು ಕಳಿಸಲು ತಟ್ಟೆ ಹೊರುವವನಿಗಲ್ಲ. ಆದರೆ ಬಿಟ್ಟವನು ಗ್ಲಾಸಿನಲ್ಲಿ ಉಳಿದದ್ದನ್ನು ಚೆಲ್ಲುವ ಕೆಲಸದಲ್ಲಿ ಉಳಿಯಲಾಗದು. ಕಿಚನ್, ಸ್ಟೋರ್, ಬೆಳಗಿನ ಪಾಳಿ, ಇಲ್ಲವೇ ಬರೀ ತಿಂಡಿಯ ಹೋಟೆಲು, ಯಾವುದಕ್ಕಾದರೂ ಬದಲಿಸಲು ಸಭೆಯ ಹೋಟೆಲು ಬಲ್ಲವರು ಮಾಲೀಕರೊಡನೆ ಮಾತಾಡಲಿ. ಇದು ಹತ್ತು ಪ್ರಸಂಗಗಳಿಗಿಂತ ಹೆಚ್ಚು ಉಪಕಾರ.

ಮತ್ತೆ ಕುಡಿದರೆ? ಬಹಳ ಮಂದಿ ಒಮ್ಮೆಯಾದರೂ ಎಡವುತ್ತಾರೆ, ಮೊದಲ ತಿಂಗಳುಗಳಲ್ಲೇ ಹೆಚ್ಚು. ಆಗ ಗೊತ್ತಿರಬೇಕಾದ ಎರಡು ವಿಷಯ. ಬಿಟ್ಟು ವಾರಗಳಾದ ದೇಹ ಹಳೆಯ ಅಳತೆಯನ್ನು ತಾಳುವುದಿಲ್ಲ. ಹಿಂದಿನ ಎರಡು ಕ್ವಾರ್ಟರ್ ಈಗ ಪ್ರಜ್ಞೆಯನ್ನೇ ತಪ್ಪಿಸಬಹುದು. ಹಾಗೆ ಬಿದ್ದವನನ್ನು ಅಂಗಾತ ಮಲಗಿಸದೆ ಮಗ್ಗುಲಿಗೆ ಹೊರಳಿಸಿ, ಉಸಿರು ನೋಡುತ್ತಿರಿ, ಎಬ್ಬಿಸಿದರೂ ಏಳದಿದ್ದರೆ 108. ಎರಡನೆಯದು, ಒಂದು ದಿನ ಕುಡಿದವನು ಮರುದಿನವೂ ಕುಡಿಯುವುದು ಸಾಮಾನ್ಯವಾಗಿ ನಾಚಿಕೆಯಿಂದ. ಅದಕ್ಕೇ ಚೇತರಿಕೆಯ ಮೊದಲ ದಿನವೇ ಸಭೆಯ ಇಬ್ಬರ ಫೋನ್ ನಂಬರನ್ನು ಅವನ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ, ಅದು ಪಾಕೀಟಿನಲ್ಲಿರಲಿ. ಆ ಇಬ್ಬರೂ ರಾತ್ರಿ ಹನ್ನೊಂದರ ಮೇಲೂ ಫೋನ್ ಎತ್ತುವವರಾಗಿರಬೇಕು. ಎತ್ತಿದಾಗ ಮೊದಲು ಕೇಳಬೇಕಾದದ್ದು, "ಅಣ್ಣಾ, ಈಗ ಎಲ್ಲಿದ್ದೀರಿ? ಅಲ್ಲೇ ಇರಿ, ಬರ್ತೀನಿ."